ಜಾವಾ ಹೆಸರಿನ ಹಿಂದಿನ ಮನುಷ್ಯ: ಫ್ರಾಂಟಿಶೆಕ್ ಯಾನೆಚೆಕ್

ಮೈಸೂರಿನ ತವರಿರುವ ನಮ್ಮಲ್ಲಿ ಹಲವರಿಗೆ ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪ ನೆನಪಾಗುವುದಿಲ್ಲ. ಯಾದವಗಿರಿಯ ಕಾರ್ಖಾನೆ, ಪಾಳಿ ಮುಗಿಸಿ ಬರುವ ಕಾರ್ಮಿಕರು, ಬೀದಿಯ ತುದಿಯಿಂದಲೇ ಗುರುತು ಸಿಗುತ್ತಿದ್ದ ಜೋಡಿ ಸೈಲೆನ್ಸರಿನ ಸದ್ದು ನೆನಪಾಗುತ್ತವೆ. ಆದರೆ ಆ ಎರಡಕ್ಷರದ ಹೆಸರಿನಲ್ಲಿ ಒಬ್ಬ ಮನುಷ್ಯನ ಹೆಸರು ಅಡಗಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅವರೇ ಚೆಕ್ ದೇಶದ ಎಂಜಿನಿಯರ್ ಫ್ರಾಂಟಿಶೆಕ್ ಯಾನೆಚೆಕ್.

ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಬೊಹೆಮಿಯಾದ ಒಂದು ಸಣ್ಣ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಪ್ರಾಗ್ ಮತ್ತು ಬರ್ಲಿನ್‌ನಲ್ಲಿ ತಾಂತ್ರಿಕ ವಿದ್ಯೆ ಕಲಿತು, ಕೆಲಸದ ಮೇಲೆ ನೆದರ್‌ಲೆಂಡ್ಸ್‌ಗೂ ಹೋಗಿ ಬಂದರು. ಕೈಗೆ ಸಿಕ್ಕಿದ ಯಂತ್ರವನ್ನು ಬಿಚ್ಚಿ, ಇನ್ನೂ ಚೆನ್ನಾಗಿ ಜೋಡಿಸಬಹುದೇ ಎಂದು ನೋಡುವ ಸ್ವಭಾವ ಅವರದು. ಹಾಗಾಗಿ ಅವರ ಹೆಸರಿನಲ್ಲಿ ಹಲವಾರು ಪೇಟೆಂಟ್‌ಗಳು ಸೇರಿದವು.

ಆದರೆ ಅವರಿಗೆ ಮೊದಲು ಹಣ ತಂದುಕೊಟ್ಟಿದ್ದು ಮೋಟಾರ್‌ಸೈಕಲ್ ಅಲ್ಲ, ಮದ್ದುಗುಂಡು. ಮೊದಲನೇ ಮಹಾಯುದ್ಧದ ನಂತರ ಹೊಸದಾಗಿ ಹುಟ್ಟಿದ ಚೆಕೊಸ್ಲೊವಾಕಿಯಾದ ಸೈನ್ಯಕ್ಕೆ ಅವರ ಕಾರ್ಖಾನೆ ಕೈಬಾಂಬುಗಳನ್ನು ಮಾಡಿಕೊಟ್ಟಿತು. 1920ರ ದಶಕ ಮುಗಿಯುತ್ತಾ ಬಂದಂತೆ ಶಸ್ತ್ರಗಳ ಬೇಡಿಕೆ ಇಳಿಯಿತು. ಕಾರ್ಖಾನೆ ಇದೆ, ಯಂತ್ರಗಳಿವೆ, ಕೆಲಸ ಬಲ್ಲ ಕೈಗಳಿವೆ, ಮಾಡಲು ಕೆಲಸವಿಲ್ಲ. ಬಾಗಿಲು ಮುಚ್ಚಬೇಕು, ಇಲ್ಲವೇ ಶಾಂತಿಕಾಲದಲ್ಲೂ ಜನ ಕೊಳ್ಳುವಂಥದ್ದನ್ನು ತಯಾರಿಸಬೇಕು. ಯಾನೆಚೆಕ್ ಎರಡನೆಯ ದಾರಿ ಹಿಡಿದರು.

ಅದೇ ಹೊತ್ತಿಗೆ ಜರ್ಮನಿಯ ವಾಂಡರರ್ ಕಂಪನಿ ಮೋಟಾರ್‌ಸೈಕಲ್ ತಯಾರಿಕೆಯಿಂದ ಹಿಂದೆ ಸರಿಯುತ್ತಿತ್ತು. ಅದರ 500 ಸಿಸಿ ಗಾಡಿಯ ಪರವಾನಗಿಯನ್ನು ಯಾನೆಚೆಕ್ ಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿ 1929ರಲ್ಲಿ ಹೊಸ ಹೆಸರು ಕಟ್ಟಿದರು. ಚೆಕ್ ಜನರ ಬಾಯಲ್ಲಿ ಅದು ಯಾವಾ, ನಮ್ಮ ಬಾಯಲ್ಲಿ ಜಾವಾ.

ಮೊದಲ ಗಾಡಿ ನೋಡಲು ಚೆಂದವಿತ್ತು, ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಸಾಲದ್ದಕ್ಕೆ ಜಗತ್ತಿಗೇ ಆರ್ಥಿಕ ಮುಗ್ಗಟ್ಟು ಬಂತು. ಇಲ್ಲಿಯೇ ಯಾನೆಚೆಕ್ ಅವರ ದೊಡ್ಡಗುಣ ಕಾಣುವುದು. ತಾನು ಮಾಡಿದ್ದೇ ಸರಿ ಎಂದು ಪಟ್ಟು ಹಿಡಿಯದೆ, ಇಂಗ್ಲೆಂಡಿನಿಂದ ಜಾರ್ಜ್ ಪ್ಯಾಚೆಟ್ ಎಂಬ ಎಂಜಿನಿಯರ್‌ನನ್ನು ಕರೆಸಿದರು. ಪ್ಯಾಚೆಟ್ ಸ್ವತಃ ಸ್ಪರ್ಧೆಗಳಲ್ಲಿ ಗಾಡಿ ಓಡಿಸಿದವನು. 1932ರಲ್ಲಿ ಬ್ರಿಟನ್ನಿನ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿಸಿಯ ಹಗುರ ಗಾಡಿ ಹೊರಬಂತು. ಬೆಲೆ ಕಡಿಮೆ, ನಡೆಸುವುದು ಸುಲಭ. ಸಂಬಳದ ಜನರೂ ಅದನ್ನು ಕೊಂಡರು, ಕಾರ್ಖಾನೆ ಉಳಿಯಿತು. ಮುಂದೆ ಜಾವಾ ಹೆಸರಿನಲ್ಲಿ ಸಣ್ಣ ಕಾರುಗಳೂ ಬಂದವು.

ಗಾಡಿ ಮಾರಬೇಕಾದರೆ ಅದು ಗಟ್ಟಿ ಎಂದು ಜನರಿಗೆ ತೋರಿಸಬೇಕು. ಆ ಕಾಲದಲ್ಲಿ ಅದಕ್ಕಿದ್ದ ದೊಡ್ಡ ವೇದಿಕೆ ಸ್ಪರ್ಧೆ. ರೇಸ್ ಎಂದರೆ ವೇಗ ಎಂಬುದು ನಮಗೆಲ್ಲ ಗೊತ್ತು. ಟ್ರಯಲ್ಸ್ ಬೇರೆ. ಹೆಸರೇ ಹೇಳುವಂತೆ ಅದು ಪರೀಕ್ಷೆ. ಅದರ ಒಂದು ಬಗೆಯಲ್ಲಿ ಬಂಡೆ, ಕೆಸರು, ತೊರೆಗಳ ನಡುವೆ ಕಾಲನ್ನು ನೆಲಕ್ಕೆ ಊರದೆ ಗಾಡಿ ದಾಟಿಸಬೇಕು. ಕಾಲೂರಿದರೆ ದಂಡದ ಅಂಕ. ಇನ್ನೊಂದು ಬಗೆ 1913ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್. ಆರು ದಿನ ಬೆಟ್ಟಗುಡ್ಡಗಳಲ್ಲಿ ನಿಗದಿತ ಹೊತ್ತಿಗೆ ಸರಿಯಾಗಿ ಒಂದೊಂದು ಠಾಣೆ ಮುಟ್ಟಬೇಕು. ಗಾಡಿಯ ಮುಖ್ಯ ಭಾಗಗಳಿಗೆ ಮೊದಲೇ ಗುರುತು ಹಾಕಿರುತ್ತಾರೆ, ನಡುವೆ ಬದಲಿಸುವಂತಿಲ್ಲ. ಪಂಕ್ಚರ್ ಆಗಲಿ, ಚೈನ್ ಕಡಿಯಲಿ, ಸವಾರನೇ ತನ್ನ ಬಳಿಯಿರುವ ಸಲಕರಣೆಯಿಂದ ರಿಪೇರಿ ಮಾಡಿಕೊಳ್ಳಬೇಕು. ರಾತ್ರಿ ಗಾಡಿಯನ್ನು ಕಾವಲಿನಲ್ಲಿ ಇಡುತ್ತಾರೆ, ಯಾರೂ ಮುಟ್ಟುವ ಹಾಗಿಲ್ಲ.

ಗೆಳತಿಯರೇ, ಇದು ಗಂಡಸರದೇ ಆಟ ಎಂದುಕೊಳ್ಳಬೇಡಿ. 1927ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಆರು ದಿನಗಳ ಟ್ರಯಲ್‌ನಲ್ಲಿ ಮಾರ್ಜರಿ ಕಾಟಲ್, ಲೂಯಿ ಮೆಕ್ಲೀನ್, ಈಡಿತ್ ಫೋಲಿ ಎಂಬ ಮೂವರು ಮಹಿಳೆಯರ ತಂಡ ಗಂಡಸರ ತಂಡಗಳನ್ನು ಹಿಂದಿಕ್ಕಿ ಬೆಳ್ಳಿ ಹೂದಾನಿಯ ಬಹುಮಾನ ಗೆದ್ದಿತು. ತೋಳ್ಬಲವೊಂದೇ ಸಾಲದು, ತಾಳ್ಮೆ, ಸಮಯಪ್ರಜ್ಞೆ, ಇದ್ದುದರಲ್ಲೇ ನಿಭಾಯಿಸುವ ಜಾಣ್ಮೆ ಬೇಕೆನ್ನುವ ಕಡೆ ಹೆಣ್ಣುಮಕ್ಕಳು ಗೆದ್ದರೆ ಆಶ್ಚರ್ಯವೇನು!

ಯಾನೆಚೆಕ್ ಸ್ಪರ್ಧೆಯ ಬೆಲೆ ಅರಿತವರು. 1930ರ ದಶಕದಲ್ಲಿ ಜಾವಾ ಗಾಡಿಗಳು ಬ್ರಿಟನ್ನಿನ ಐಲ್ ಆಫ್ ಮ್ಯಾನ್ ಸ್ಪರ್ಧೆಗೂ ಹೋದವು. ಮಾರಾಟದ ಗಾಡಿ ಬೇರೆ, ಸ್ಪರ್ಧೆಯ ಗಾಡಿ ಬೇರೆ ಎಂದು ಬಿಡದೆ, ಅಲ್ಲಿ ಕಲಿತದ್ದನ್ನು ಇಲ್ಲಿ ಅಳವಡಿಸುವ ಪದ್ಧತಿ ಆ ಕಾರ್ಖಾನೆಯಲ್ಲಿ ಬೇರೂರಿತು.

1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಕಾರ್ಖಾನೆ ಜರ್ಮನರ ಯುದ್ಧದ ಕೆಲಸ ಮಾಡಬೇಕಾಯಿತು. ಶಸ್ತ್ರ ಬಿಟ್ಟು ಗಾಡಿ ಹಿಡಿದಿದ್ದ ಸಂಸ್ಥೆ ಮತ್ತೆ ಯುದ್ಧದ ಸೇವೆಗೆ, ಅದೂ ತನ್ನ ನಾಡನ್ನೇ ಆಕ್ರಮಿಸಿದವರ ಸೇವೆಗೆ ನಿಲ್ಲಬೇಕಾದ ಸ್ಥಿತಿ. ಆ ಕತ್ತಲೆಯ ವರ್ಷಗಳಲ್ಲಿ ಜಾವಾದ ಎಂಜಿನಿಯರ್‌ಗಳು ಯಾರಿಗೂ ತಿಳಿಯದಂತೆ ಶಾಂತಿಕಾಲಕ್ಕೆಂದು ಹೊಸ 250 ಸಿಸಿ ಗಾಡಿಯ ರೂಪರೇಖೆ ಹಾಕಿದರು. ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಯುದ್ಧ ಎಂದು ಮುಗಿಯುವುದೋ, ಮುಗಿದಾಗ ಯಾರು ಉಳಿದಿರುವರೋ ತಿಳಿಯದ ಹೊತ್ತಿನಲ್ಲಿ ನಾಳೆಗಾಗಿ ಹಾಕಿದ ಬೀಜ ಅದು.

ಅದರ ಫಲವನ್ನು ನೋಡುವ ಭಾಗ್ಯ ಯಾನೆಚೆಕ್ ಅವರಿಗಿರಲಿಲ್ಲ. 1941ರ ಜೂನ್ 4ರಂದು, 63ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪೆರಾಕ್ ಎಂಬ ಹೆಸರಿನಲ್ಲಿ ಆ ಗಾಡಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮೆಚ್ಚುಗೆ ಗಳಿಸಿತು. ಕಾರ್ಖಾನೆ ಸರ್ಕಾರದ ವಶಕ್ಕೆ ಹೋಯಿತು. ಮಾಲೀಕತ್ವ ಹೋದರೂ ಹೆಸರು ಮಾತ್ರ ಉಳಿಯಿತು. 1947ರಲ್ಲಿ ಜ್ಲೀನ್ ಊರಿನಲ್ಲಿ ನಡೆದ ಆರು ದಿನಗಳ ಟ್ರಯಲ್ ಅನ್ನು ಚೆಕೊಸ್ಲೊವಾಕಿಯಾ ಗೆದ್ದಿತು. 1970ರಿಂದ 1974ರವರೆಗಂತೂ ಸತತ ಐದು ವರ್ಷ ಮುಖ್ಯ ಟ್ರೋಫಿ ಅದೇ ದೇಶದ ಪಾಲಾಯಿತು. ಆ ಗೆಲುವುಗಳಲ್ಲಿ ಜಾವಾ ಗಾಡಿಗಳ ಪಾಲು ದೊಡ್ಡದು.

ನಮ್ಮ ನಾಡಿಗೆ ಈ ಹೆಸರನ್ನು ತಂದವರು ಪಾರ್ಸಿ ಸಮುದಾಯದ ಇರಾನಿ ಕುಟುಂಬ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆ ಆರಂಭವಾಯಿತು. ಅದಕ್ಕೆ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹವಿತ್ತು. ಒಂದೇ ಲಿವರ್ ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುವುದನ್ನು ಕಂಡು ಬೆರಗಾಗದ ಹುಡುಗರಿರಲಿಲ್ಲ. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರು ಪಡೆದು ನಮ್ಮ ದೇಶದ ರ‍್ಯಾಲಿ, ಮೋಟೋಕ್ರಾಸ್‌ಗಳಲ್ಲೂ ಓಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದನ್ನೇ ನಂಬಿದ್ದ ಮನೆಗಳ ಅಡುಗೆಮನೆಯ ಲೆಕ್ಕ ಏರುಪೇರಾಯಿತು. ಸುಮಾರು 70 ವರ್ಷ ಹಿಂದೆ ಪ್ರಾಗ್‌ನಲ್ಲಿ ಯಾನೆಚೆಕ್ ಎದುರಿಸಿದ್ದ ಪ್ರಶ್ನೆಯೇ ಮೈಸೂರಿಗೂ ಬಂದಿತ್ತು, ಈ ಸಲ ಉತ್ತರ ಸಿಗಲಿಲ್ಲ.

2018ರಲ್ಲಿ ಜಾವಾ ಹೆಸರು ಹೊಸ ಗಾಡಿಗಳ ಮೇಲೆ ಮತ್ತೆ ಭಾರತದ ರಸ್ತೆಗಿಳಿದಿದೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಹಳೆಯ ಜಾವಾ, ಯೆಜ್ಡಿ ಒಡೆಯರು ತಮ್ಮ ಗಾಡಿ ತೊಳೆದು, ಒರೆಸಿ, ಸಾಲಾಗಿ ಹೊರಡುತ್ತಾರೆ. ಬೇಡಿಕೆ ನಿಂತಾಗ ಕೈಕಟ್ಟಿ ಕೂರದೆ, ಬಾಂಬು ಮಾಡುತ್ತಿದ್ದ ಯಂತ್ರಗಳಿಂದ ಜನ ಪ್ರೀತಿಸುವ ಗಾಡಿ ಮಾಡಿದ ಮನುಷ್ಯನ ಹೆಸರು ಆ ಪೆಟ್ರೋಲ್ ಟ್ಯಾಂಕ್‌ಗಳ ಮೇಲೆ ಇಂದಿಗೂ ಅರ್ಧದಷ್ಟು ಉಳಿದಿದೆ. ಮುಂದಿನ ಸಲ ಮನೆಯ ಮಕ್ಕಳು ಜಾವಾ ಎಂದರೇನು ಎಂದು ಕೇಳಿದರೆ, ಯಾನೆಚೆಕ್ ಅವರ ಕಥೆಯನ್ನೂ ಹೇಳೋಣ.