ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದ್ದ ನಿರಾಶ್ರಿತ ವಿಜ್ಞಾನಿ

ಕಟ್ಟುನಿಟ್ಟಿನ ಮೇಷ್ಟ್ರು ಸಿಕ್ಕರೆ ನಾವು ನೆಲಮಂಗಲದ ಹುಡುಗರು ಅವರಿಗೆ ಹಿಟ್ಲರ್ ಎಂದು ಅಡ್ಡಹೆಸರಿಡುತ್ತೇವೆ. ನಾನೂ ಇಟ್ಟಿದ್ದೇನೆ. ಮ್ಯಾಕ್ಸ್ ಬಾರ್ನ್ ಅವರ ಬದುಕಿನ ಕಥೆ ಓದಿದ ಮೇಲೆ ಆ ಹೆಸರು ಬಾಯಿಗೆ ಬರುತ್ತಿಲ್ಲ.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದ ಯಹೂದಿ ಕುಟುಂಬದಲ್ಲಿ. ನಾಲ್ಕನೇ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. 1921ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಹೈಸನ್‌ಬರ್ಗ್ ಅವರ ಸಹಾಯಕರಾಗಿದ್ದರು. ಓಪನ್‌ಹೈಮರ್ ಡಾಕ್ಟರೇಟ್ ಪಡೆದದ್ದು ಅವರ ಬಳಿಯೇ. ಪರಮಾಣುವಿನೊಳಗಿನ ಕಣ ಎಲ್ಲಿದೆ ಎಂದು ಖಚಿತವಾಗಿ ಹೇಳಲಾಗದು, ಎಲ್ಲಿ ಸಿಗುವ ಸಂಭವ ಎಷ್ಟು ಎಂದಷ್ಟೇ ಲೆಕ್ಕ ಹಾಕಬಹುದು ಎಂಬ ವಿಚಾರವನ್ನು 1926ರಲ್ಲಿ ಮಂಡಿಸಿದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್‌ನಲ್ಲಿ ಬಂದ ಕಾನೂನು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಿತು. ಬಾರ್ನ್ 1914ರಲ್ಲೇ ಕ್ರೈಸ್ತ ದೀಕ್ಷೆ ಪಡೆದಿದ್ದರು. ಅದೂ ಲೆಕ್ಕಕ್ಕೆ ಬರಲಿಲ್ಲ. ಆ ಕಾನೂನು ನೋಡಿದ್ದು ಅಜ್ಜ ಅಜ್ಜಿಯರು ಯಾರೆಂಬುದನ್ನು, ಓದನ್ನಲ್ಲ, ನಡತೆಯನ್ನಲ್ಲ. ಹೆಂಡತಿ ಮಕ್ಕಳೊಡನೆ ಅವರು ದೇಶ ಬಿಟ್ಟರು. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಕೆಲಸವೊಂದು ಸಿಕ್ಕಿತು.

ನೆಲಮಂಗಲದಿಂದ ಬಸ್ ಹತ್ತಿ ಯಶವಂತಪುರದಲ್ಲಿ ಇಳಿದರೆ ಟಾಟಾ ಇನ್‌ಸ್ಟಿಟ್ಯೂಟ್ ದೂರವಿಲ್ಲ. ಅದರ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರ ಕರೆಯ ಮೇರೆಗೆ 1935ರಲ್ಲಿ ಬಾರ್ನ್ ಅಲ್ಲಿಗೆ ಬಂದು ಸುಮಾರು ಆರು ತಿಂಗಳು ಪಾಠ ಮಾಡಿದರು. ಅವರಿಗೆ ಕಾಯಂ ಹುದ್ದೆ ಕೊಡಿಸಬೇಕೆಂದು ರಾಮನ್ ಸಭೆಯಲ್ಲಿ ಪ್ರಸ್ತಾಪಿಸಿದರು. ಇಂಗ್ಲೆಂಡಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕುಳಿತಿದ್ದರು. ಮನೆಗೆ ಹೋಗಿ ಹೆಂಡತಿಯೆದುರು ಅತ್ತುಬಿಟ್ಟೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು. ಅಲ್ಲಿದ್ದುಕೊಂಡು ತಮ್ಮಂತೆಯೇ ದಿಕ್ಕು ತಪ್ಪಿದ್ದ ಅನೇಕ ವಿಜ್ಞಾನಿಗಳಿಗೆ ಕೆಲಸ ಹುಡುಕಿಕೊಡಲು ಶ್ರಮಿಸಿದರು. 1954ರಲ್ಲಿ ನೊಬೆಲ್ ಬಂತು. ಎರಡನೇ ದರ್ಜೆಯವರೆನಿಸಿಕೊಂಡಿದ್ದವರಿಗೆ ಜಗತ್ತು ಕೊಟ್ಟ ಉತ್ತರ ಅದು. ನಿವೃತ್ತಿಯ ನಂತರ ಜರ್ಮನಿಗೆ ಮರಳಿ, 1970ರ ಜನವರಿ 5ರಂದು ಗಟ್ಟಿಂಗೆನ್‌ನಲ್ಲೇ ಕಣ್ಣು ಮುಚ್ಚಿದರು.

ಬಾರ್ನ್ ಬದುಕುಳಿದರು. ಸುಮಾರು 60 ಲಕ್ಷ ಯಹೂದಿಗಳು ಉಳಿಯಲಿಲ್ಲ. ಆ ಹತ್ಯಾಕಾಂಡಕ್ಕೆ ಮೊದಲು ಬಂದದ್ದು ಹಗುರ ಮಾತು, ಆಮೇಲೆ ಕಾನೂನು. ಜರ್ಮನಿಯ ದ್ವೇಷ ಅಂಟಿಸಿದ ಕಳಂಕ ಸಮುದ್ರ ದಾಟಿ ಬೆಂಗಳೂರಿನ ಸಭೆಯಲ್ಲೂ ಅವರನ್ನು ಕುಟುಕಿತು. ನಮ್ಮೂರಿನಲ್ಲಿ ಯಹೂದಿಗಳನ್ನು ಕಂಡವರೇ ಅಪರೂಪ. ಆದರೆ ಹುಟ್ಟು ನೋಡಿ ಮನುಷ್ಯರನ್ನು ಅಳೆಯುವುದು ನಮಗೆ ಹೊಸದೇನಲ್ಲ. ಹಿಟ್ಲರ್ ಎಂದು ನಗುವಾಗ ನಾವು ಯಾವುದಕ್ಕೆ ನಗುತ್ತಿದ್ದೇವೆ ಎಂದು ಗೆಳೆಯರನ್ನು ಕೇಳತೊಡಗಿದ್ದೇನೆ. ನೀವೂ ಕೇಳಿ ನೋಡಿ.