ಡಾ. ಕಮಲ್ ರಣದಿವೆ: ಸ್ತ್ರೀಯರ ಕ್ಯಾನ್ಸರ್ ಸಂಶೋಧನೆಗೆ ಮುಡಿಪಾದ ಬದುಕು

ಭಾರತದ ಸ್ತ್ರೀಯರಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಪ್ರಮುಖವಾದವು. ಈ ರೋಗವನ್ನು ವಿಧಿಲಿಖಿತವೆಂದೋ ಪೂರ್ವಜನ್ಮದ ಫಲವೆಂದೋ ಭಾವಿಸಿ, ಸಂಕೋಚದಿಂದ ಮುಚ್ಚಿಟ್ಟು ಪ್ರಾಣ ಕಳೆದುಕೊಂಡವರು ಅನೇಕರು. ಇಂತಹ ಕಾಲದಲ್ಲಿ ಸ್ತನ ಕ್ಯಾನ್ಸರ್‌ನ ಕಾರಣಗಳನ್ನು ಪ್ರಯೋಗಾಲಯದಲ್ಲಿ ಅರಸಿದ ಭಾರತೀಯ ವಿಜ್ಞಾನಿಗಳಲ್ಲಿ ಅಗ್ರಗಣ್ಯರು ಡಾ. ಕಮಲ್ ರಣದಿವೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1917ರ ನವೆಂಬರ್ 8ರಂದು ಪುಣೆಯಲ್ಲಿ ಜನಿಸಿದರು. ತಂದೆ ದಿನಕರ ಸಮರ್ಥ ಅವರು ಫರ್ಗ್ಯೂಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಗಳು ವೈದ್ಯಳಾಗಲೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಆದರೆ ಕಮಲ್ ಅವರು ಜೀವವಿಜ್ಞಾನವನ್ನೇ ಆರಿಸಿಕೊಂಡು, 1943ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1939ರಲ್ಲಿ ಗಣಿತಜ್ಞರಾದ ಜೆ.ಟಿ. ರಣದಿವೆ ಅವರೊಡನೆ ವಿವಾಹವಾಗಿ, ತದನಂತರ ಮುಂಬಯಿಯಲ್ಲಿ ನೆಲೆಸಿದರು.

ಮುಂಬಯಿಯಲ್ಲಿ ಸಂಶೋಧನೆ

ಹಿರೇಕೆರೂರು ಸೀಮೆ ಆಗ ಧಾರವಾಡ ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರವರೆಗೂ ಮುಂಬಯಿ ಆಡಳಿತದಲ್ಲಿತ್ತು. ಆ ಪ್ರಾಂತ್ಯದ ರಾಜಧಾನಿಯಲ್ಲಿ 1941ರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದೇ ಟಾಟಾ ಸ್ಮಾರಕ ಆಸ್ಪತ್ರೆ ಪ್ರಾರಂಭವಾಯಿತು. ಕಮಲ್ ಅವರು ಅಲ್ಲಿ ಕೆಲಸ ಮಾಡುತ್ತಲೇ, ಖ್ಯಾತ ರೋಗಶಾಸ್ತ್ರಜ್ಞ ಡಾ. ವಿ.ಆರ್. ಖಾನೋಲ್ಕರ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು.

ಅನಂತರ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗೈ ಅವರ ಬಳಿ, ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ ಅಂಗಾಂಶ ಕೃಷಿ ವಿಧಾನವನ್ನು ಅಭ್ಯಸಿಸಿದರು. ಗರ್ಭಕೊರಳಿನ ಕ್ಯಾನ್ಸರ್‌ನಿಂದ 1951ರಲ್ಲಿ ಮೃತಪಟ್ಟ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಜೀವಕೋಶಗಳನ್ನು ನಿರಂತರವಾಗಿ ಬೆಳೆಸಿದ್ದು ಇದೇ ಗೈ ಅವರ ಪ್ರಯೋಗಾಲಯದಲ್ಲಿ. ಆ ಕೋಶಗಳಿಂದ ಜಗತ್ತಿಗೆ ಅಪಾರ ಉಪಕಾರವಾಯಿತು. ಆದರೆ ಅವುಗಳನ್ನು ಆಕೆಯ ಒಪ್ಪಿಗೆಯಿಲ್ಲದೆ ಪಡೆಯಲಾಗಿತ್ತೆಂಬುದನ್ನು ಮರೆಯಲಾಗದು.

ಸ್ವದೇಶಕ್ಕೆ ಮರಳಿದ ಡಾ. ರಣದಿವೆ ಅವರು ಮುಂಬಯಿಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಸ್ಥಾಪಿಸಿದರು. ಇದು ದೇಶದಲ್ಲಿಯೇ ಇಂತಹ ಮೊದಲ ಪ್ರಯೋಗಾಲಯವೆಂದು ಪರಿಗಣಿತವಾಗಿದೆ. ಇಲಿಗಳ ತಳಿಗಳನ್ನು ಬಳಸಿ ಸ್ತನ ಕ್ಯಾನ್ಸರ್‌ಗೂ ಅನುವಂಶೀಯತೆ, ಹಾರ್ಮೋನು ಹಾಗೂ ವೈರಾಣುಗಳಿಗೂ ಇರುವ ಸಂಬಂಧವನ್ನು ಅವರು ಅಧ್ಯಯನ ಮಾಡಿದರು. ಅನುವಂಶೀಯತೆಯ ಪಾತ್ರವನ್ನು ಮುಂದಿನ ಸಂಶೋಧನೆಗಳು ದೃಢಪಡಿಸಿದವು. ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ಒಂದು ಪ್ರಮುಖ ವಂಶವಾಹಿಯನ್ನು 1994ರಲ್ಲಿ ಗುರುತಿಸಲಾಯಿತು.

ಇಲಿಗಳ ಕೆಲವು ತಳಿಗಳಲ್ಲಿ ತಾಯಿಯ ಹಾಲಿನ ಮೂಲಕ ವೈರಾಣು ಮರಿಗಳಿಗೆ ಹರಡುತ್ತದೆ. ಮನುಷ್ಯರಲ್ಲಿ ಎದೆಹಾಲಿನಿಂದ ಮಗುವಿಗೆ ಕ್ಯಾನ್ಸರ್ ಬರುವುದೆಂದು ಇದರಿಂದ ಯಾರೂ ತಪ್ಪು ತಿಳಿಯಬಾರದು. ಎದೆಹಾಲುಣಿಸುವುದರಿಂದ ತಾಯಿಗೆ ಸ್ತನ ಕ್ಯಾನ್ಸರ್‌ನ ಸಂಭವ ಕಡಿಮೆಯಾಗುತ್ತದೆ.

ಸಮಾಜ ಸೇವೆ ಮತ್ತು ಗೌರವಗಳು

1966ರಿಂದ 1970ರವರೆಗೆ ಅವರು ಸಂಶೋಧನಾ ಕೇಂದ್ರದ ಪ್ರಭಾರ ನಿರ್ದೇಶಕರಾಗಿದ್ದರು. ಕುಷ್ಠರೋಗದ ಸೂಕ್ಷ್ಮಾಣುಗಳ ಕುರಿತೂ ಸಂಶೋಧನೆ ನಡೆಸಿದರು. ವಿಜ್ಞಾನ ಕ್ಷೇತ್ರದಲ್ಲಿ ಸ್ತ್ರೀಯರಿಗೆ ನೆರವಾಗಲೆಂದು 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಸಹವಿಜ್ಞಾನಿಗಳೊಡನೆ ಸ್ಥಾಪಿಸಿದರು. 1982ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

ಅವರ ಕಾರ್ಯಕ್ಷೇತ್ರ ಪ್ರಯೋಗಾಲಯಕ್ಕೆ ಸೀಮಿತವಾಗಲಿಲ್ಲ. ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯಲ್ಲಿ ಬುಡಕಟ್ಟು ಮಕ್ಕಳ ಪೌಷ್ಟಿಕತೆಯ ಸ್ಥಿತಿಯನ್ನು ಅಧ್ಯಯನ ಮಾಡಿ, ಗ್ರಾಮೀಣ ಸ್ತ್ರೀಯರಿಗೆ ಆರೋಗ್ಯದ ತಿಳಿವಳಿಕೆ ನೀಡಿದರು. 2001ರಲ್ಲಿ ನಿಧನ ಹೊಂದಿದರು.

ಸಾರ್ವಜನಿಕರ ಗಮನಕ್ಕೆ

ರೋಗಕ್ಕೆ ಕಾರಣವಿದೆ, ಕಾರಣವನ್ನು ಅರಿಯಬಹುದು ಎಂಬುದು ಡಾ. ರಣದಿವೆ ಅವರ ಜೀವನ ಸಾಧನೆಯ ಸಾರ. ರೋಗವನ್ನು ಮೊದಲ ಹಂತದಲ್ಲಿಯೇ ಗುರುತಿಸಿದರೆ ಗುಣಪಡಿಸುವ ಸಾಧ್ಯತೆ ಹೆಚ್ಚು. ಸ್ತನದಲ್ಲಿ ನೋವಿಲ್ಲದ ಗಂಟು, ತೊಟ್ಟಿನಿಂದ ರಕ್ತ ಒಸರುವುದು, ಮುಟ್ಟು ನಿಂತ ನಂತರ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು ಇವುಗಳಲ್ಲಿ ಯಾವುದೇ ಲಕ್ಷಣ ಕಂಡುಬಂದಲ್ಲಿ ವಿಳಂಬ ಮಾಡದೆ ವೈದ್ಯರನ್ನು ಕಾಣುವುದು.

ಮೂವತ್ತು ವರ್ಷ ಮೇಲ್ಪಟ್ಟ ಮಹಿಳೆಯರಿಗೆ ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯು ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದ ಭಾಗವಾಗಿದೆ. ಹಿರೇಕೆರೂರು ತಾಲ್ಲೂಕಿನ ಮಹಿಳೆಯರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ರೋಗ ದೃಢಪಟ್ಟವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯಲು ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ಕೋರಲಾಗಿದೆ. ಸಂಕೋಚ ಬಿಟ್ಟು ತಪಾಸಣೆಗೆ ಮುಂದೆ ಬರುವುದೇ ಈ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವ.