ಕನ್ನಡದ ಮಾತಿಗೆ ಮಾರ್ಗ ತೋರಿದ ನೃಪತುಂಗ

ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್ ಕಡೆಗೆ ಹೊರಟ ರೈಲು ಚಿತ್ತಾಪುರ ದಾಟಿ ಸೇಡಂ ಸೇರುವ ಮೊದಲು ಮಳಖೇಡ ರೋಡ್ ಎಂಬ ನಿಲ್ದಾಣ ಸಿಗುತ್ತದೆ. ಹಾಸುಗಲ್ಲು ಮತ್ತು ಸಿಮೆಂಟಿಗೆ ಹೆಸರಾದ ಈ ಸೀಮೆಯಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿಂದ ನಾಡನ್ನಾಳಿದ ಅಮೋಘವರ್ಷ ನೃಪತುಂಗನ ಬಾಳನ್ನು ನಾವು ಇಂದು ನೆನಪಿಸಿಕೊಳ್ಳುತ್ತಿದ್ದೇವೆ.

ತಂದೆ ಮೂರನೆಯ ಗೋವಿಂದನ ನಂತರ ಕ್ರಿ.ಶ. 814ರಲ್ಲಿ ಪಟ್ಟಕ್ಕೆ ಬಂದಾಗ ನೃಪತುಂಗ ಇನ್ನೂ ಬಾಲಕ. ಸಾಮಂತರು ದಂಗೆ ಎದ್ದರು, ಸಿಂಹಾಸನವೂ ಕೈತಪ್ಪಿತು. ಗುಜರಾತ್ ಶಾಖೆಯ ಬಂಧು ಕರ್ಕನ ನೆರವಿನಿಂದ 821ರ ವೇಳೆಗೆ ಅದು ಮರಳಿ ದೊರಕಿತು. ಮುಂದೆ ಸುಮಾರು 878ರವರೆಗೂ ಆತ ಆಳಿದ. ನಾಡಿಗೆ ಒದಗಿದ ಆಪತ್ತು ನೀಗಲೆಂದು ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ತಿಳಿಸುತ್ತದೆ.

ಆದರೂ ಕನ್ನಡಿಗರು ಆತನನ್ನು ಹೆಚ್ಚಾಗಿ ನೆನೆಯುವುದು ಕವಿರಾಜಮಾರ್ಗದಿಂದ. ಸುಮಾರು 850ರ ಈ ಕೃತಿ ಇಂದು ನಮಗೆ ಲಭ್ಯವಿರುವ ಕನ್ನಡದ ಮೊದಲ ಗ್ರಂಥ. ಅರಸನೇ ಇದನ್ನು ಬರೆದನೆಂದು ಹಿಂದೆ ಹಲವರು ನಂಬಿದ್ದರು. ಅರಸನ ಅನುಮತದಂತೆ ಆಸ್ಥಾನಕವಿ ಶ್ರೀವಿಜಯ ರಚಿಸಿದನೆಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿರುವ ಮಾತು. ಮೂರು ಪರಿಚ್ಛೇದಗಳ ಈ ಗ್ರಂಥ ಮೊದಲು ಕಾವ್ಯದ ದೋಷಗಳನ್ನು, ಬಳಿಕ ಪ್ರಾಸ, ಯಮಕದಂಥ ಶಬ್ದಾಲಂಕಾರಗಳನ್ನು, ಕೊನೆಗೆ ಉಪಮೆ, ರೂಪಕದಂಥ ಅರ್ಥಾಲಂಕಾರಗಳನ್ನು ವಿವರಿಸುತ್ತದೆ.

ಲ್ಯಾಟಿನ್ ಕಲಿತ ನಮ್ಮಂಥವರಿಗೆ ಇಲ್ಲಿ ಸಿಸೆರೊ, ಕ್ವಿಂಟಿಲಿಯನ್ ನೆನಪಾಗುತ್ತಾರೆ. ರೋಮನರು ಗ್ರೀಕರಿಂದ ಅಲಂಕಾರಗಳನ್ನು ಕಲಿತು ತಮ್ಮ ನುಡಿಗೆ ಒಗ್ಗಿಸಿಕೊಂಡರು. ಶ್ರೀವಿಜಯನೂ ದಂಡಿಯ ಸಂಸ್ಕೃತ ಗ್ರಂಥವಾದ ಕಾವ್ಯಾದರ್ಶದಿಂದ ಬಹಳಷ್ಟನ್ನು ಪಡೆದ. ಆದರೆ ಪಡೆದದ್ದನ್ನು ಹಾಗೆಯೇ ಹೇರಲಿಲ್ಲ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಮನಬಂದಂತೆ ಸೇರಿಸಿ ಸಮಾಸ ಮಾಡಬಾರದೆಂದು ಎಚ್ಚರಿಸಿದ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಗುರುತಿಸಿದ. ಓದು ಬರಹ ಅರಿಯದ ಜನರಲ್ಲಿಯೂ ಕಾವ್ಯದ ಜಾಣ್ಮೆ ಇದೆಯೆಂದು ಮನ್ನಿಸಿದ.

ಜನರ ಮುಂದೆ ನಿಂತು ಮಾತನಾಡುವವರಿಗೆಲ್ಲ ಇದೊಂದು ಪಾಠ. ನಾವು ಕಲಿತ ದೊಡ್ಡ ಪದಗಳನ್ನು ಹೇರಿದರೆ ಭಾಷಣ ಭಾರವಾಗುತ್ತದೆ, ಕೇಳುವವರ ಮನಸ್ಸು ದೂರ ಸರಿಯುತ್ತದೆ. ಅವರೂ ಮಾತು ಬಲ್ಲವರೆಂಬ ಗೌರವವಿದ್ದರೆ ಒಂದು ಸರಳ ಹೋಲಿಕೆಯೇ ಸಾಕು. ಸೇಡಂ ಕಡೆಗೆ ಹೋದಾಗ ಮಳಖೇಡದಲ್ಲಿ ಇಳಿಯಿರಿ. ಈ ಮಾರ್ಗ ಮೂಡಿದ ಊರನ್ನು ಒಮ್ಮೆ ಕಣ್ಣಾರೆ ಕಾಣಿರಿ.